ಹಳೆಯ ಜೀಪೋ, ಹಳೆಯ ಜಿಪ್ಸಿಯೋ: ಡೀಸೆಲ್ ಮತ್ತು ಪೆಟ್ರೋಲ್ ನಡುವೆ ಮೂರು ತಿಂಗಳು

ಮೇಲುಕೋಟೆಯ ಬೆಟ್ಟದ ತಪ್ಪಲಿನಲ್ಲಿ ನಮಗೆ ಎರಡೂವರೆ ಎಕರೆ ಖುಷ್ಕಿ ಜಮೀನಿದೆ. ಮೈಸೂರಿನ ಕುವೆಂಪುನಗರದ ಮನೆಯಿಂದ ಅಲ್ಲಿಗೆ ಹೆಚ್ಚುಕಡಿಮೆ 50 ಕಿಲೋಮೀಟರು. ಅದರಲ್ಲಿ 48 ಕಿಲೋಮೀಟರು ಯಾವ ಕಾರಾದರೂ ನೆಮ್ಮದಿಯಾಗಿ ಹೋಗಬಲ್ಲ ಡಾಂಬರು ರಸ್ತೆ, ಉಳಿದ ಎರಡು ಮಾತ್ರ ಎತ್ತಿನ ಗಾಡಿಯ ಜಾಡು. ಬೇಸಿಗೆಯಲ್ಲಿ ಅಲ್ಲಿ ಕೊರಕಲೂ ಕಲ್ಲೂ ಇರುತ್ತವೆ; ಮುಂಗಾರು ಹಿಡಿದರೆ ಕೆಮ್ಮಣ್ಣು ಕಲಸಿದ ರಾಗಿ ಹಿಟ್ಟಿನಂತೆ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಹತ್ತು ವರ್ಷ ನಮ್ಮ ಸಣ್ಣ ಕಾರನ್ನು ಊರ ಮುಂದೆ ನಿಲ್ಲಿಸಿ, ಗೊಬ್ಬರದ ಚೀಲಗಳನ್ನು ಬೇರೆಯವರ ಟ್ರ್ಯಾಕ್ಟರಿಗೆ ಹೇರಿ ಕಳಿಸಿ ಸಾಕಾದ ಮೇಲೆ, ಕಳೆದ ವರ್ಷ ನಾಲ್ಕು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಹಳೆಯದೊಂದು ಫೋರ್ ವೀಲ್ ಡ್ರೈವ್ ಗಾಡಿ ಕೊಳ್ಳುವುದೆಂದು ತೀರ್ಮಾನಿಸಿದೆ. ಹುಡುಕಾಟಕ್ಕೆ ಮೂರು ತಿಂಗಳು ಹಿಡಿಯಿತು. ಮೈಸೂರು, ಮಂಡ್ಯ, ಮಡಿಕೇರಿಗಳಲ್ಲಿ ಹನ್ನೊಂದು ಗಾಡಿ ನೋಡಿದೆ, ಮೂರನ್ನು ಮನಸ್ಸಿಟ್ಟು ಓಡಿಸಿದೆ, ಒಂದನ್ನು ಕೊಂಡೆ.

ನಾನು ಡೀಸೆಲ್ ಜೀಪು ತರಲೆಂದೇ ಹೊರಟವನು. ಮನೆಗೆ ತಂದದ್ದು ಪೆಟ್ರೋಲ್ ಜಿಪ್ಸಿ. ಮನಸ್ಸು ಬದಲಾಗಲು ಕಾರಣ ಕೆಸರೂ ಅಲ್ಲ, ಬೆಟ್ಟವೂ ಅಲ್ಲ. ವಾರದಲ್ಲಿ ಆರು ದಿನ ಗಾಡಿ ಮನೆಯ ಮುಂದೆ ಸುಮ್ಮನೆ ನಿಂತಿರುತ್ತದೆ ಎಂಬ ಒಂದೇ ಸಂಗತಿ. ಈ ಸಂಗತಿಯನ್ನು ಮೊದಲ ದಿನವೇ ಲೆಕ್ಕಕ್ಕೆ ಹಿಡಿದಿದ್ದರೆ ಎರಡು ತಿಂಗಳ ಅಲೆದಾಟ ಉಳಿಯುತ್ತಿತ್ತು.

ಮೊದಲು ನೋಡಿದ್ದು ಮಂಡ್ಯದ ಹೊರವಲಯದಲ್ಲಿದ್ದ 1995ರ ಮಹೀಂದ್ರ ಎಂಎಂ 540. ಕೆಎ 11 ನೋಂದಣಿ, ಹೇಳಿದ ಬೆಲೆ 2 ಲಕ್ಷ 75 ಸಾವಿರ. ಇದರಲ್ಲಿರುವುದು ಫ್ರಾನ್ಸಿನ ಪೂಜೋ ಕಂಪನಿಯ ವಿನ್ಯಾಸದಂತೆ ನಮ್ಮ ದೇಶದಲ್ಲೇ ತಯಾರಾದ 2112 ಸಿಸಿ ಡೀಸೆಲ್ ಎಂಜಿನ್. ಟರ್ಬೋ ಇಲ್ಲ, ಕಂಪ್ಯೂಟರ್ ಇಲ್ಲ, ಒಮ್ಮೆ ಶುರುವಾದರೆ ಆಮೇಲೆ ವಿದ್ಯುತ್ತಿನ ಹಂಗೂ ಅಷ್ಟಾಗಿ ಇಲ್ಲ. ನಾನು ಹೋದಾಗ ಬೆಳಗಿನ ಹನ್ನೊಂದು ಗಂಟೆ. ಬ್ರೋಕರ್ ಕೀಲಿ ತಿರುಗಿಸಿದ್ದೇ ತಡ, ಅರ್ಧ ಸುತ್ತಿನಲ್ಲಿ ಎಂಜಿನ್ ಹಿಡಿಯಿತು. "ನೋಡಿ ಸಾರ್, ಒಂದೇ ಸೆಲ್ಫು" ಎಂದರು. ಬಾನೆಟ್ಟಿನ ಮೇಲೆ ಕೈಯಿಟ್ಟರೆ ಬಿಸಿಯಾಗಿತ್ತು. ಮಾತು ಬೆಳೆಸದೆ, ಮಾರನೆಯ ದಿನ ಬೆಳಿಗ್ಗೆ ಆರೂವರೆಗೆ ಬರುತ್ತೇನೆ, ನಾನು ಬರುವವರೆಗೆ ಗಾಡಿ ಮುಟ್ಟಬೇಡಿ ಎಂದು ಹೇಳಿ ಬಂದೆ. ಹಳೆಯ ಡೀಸೆಲ್ ಗಾಡಿಯನ್ನು ಬಿಸಿಯಿದ್ದಾಗ ನೋಡುವುದೂ ನೋಡದಿರುವುದೂ ಒಂದೇ.

ಮಾರನೆಯ ಬೆಳಿಗ್ಗೆ ಅದೇ ಜೀಪು ಬೇರೆಯೇ ಕಥೆ ಹೇಳಿತು. ಈ ಜಾತಿಯ ಎಂಜಿನ್ನಿನಲ್ಲಿ ಡೀಸೆಲ್ ನೇರವಾಗಿ ಸಿಲಿಂಡರಿಗೆ ಬೀಳದೆ ಮೊದಲು ಒಂದು ಪುಟ್ಟ ಕೋಣೆಗೆ ಬಿದ್ದು ಅಲ್ಲಿ ಹೊತ್ತಿಕೊಳ್ಳುವುದರಿಂದ, ತಣ್ಣಗಿರುವಾಗ ಹೀಟರ್ ಪ್ಲಗ್ಗುಗಳು ಕಾಯಲೇಬೇಕು. ಹೀಟರನ್ನು ಇಪ್ಪತ್ತು ಎಣಿಸುವವರೆಗೆ ಹಿಡಿದು ಸೆಲ್ಫ್ ಹೊಡೆದರೂ ಎಂಜಿನ್ ಹಿಡಿಯಲಿಲ್ಲ. ಮೂರನೆಯ ಸಲಕ್ಕೆ ಎರಡು ಸಿಲಿಂಡರಿನಲ್ಲಿ ಕುಂಟುತ್ತ ಹಿಡಿಯಿತು, ಬಿಳಿಯ ಹೊಗೆ ಪಕ್ಕದ ಹೋಟೆಲಿನ ಇಡ್ಲಿ ಪಾತ್ರೆಯ ಆವಿಯೊಡನೆ ಸೇರಿಕೊಂಡಿತು. ಎರಡು ನಿಮಿಷದಲ್ಲಿ ಹೊಗೆ ನಿಂತಿತು. ಹೀಗೆ ನಿಂತರೆ ಅದು ಸುಡದ ಡೀಸೆಲ್, ಪ್ಲಗ್ಗಿನ ದೋಷ, ಸಣ್ಣ ಖರ್ಚು. ನಿಲ್ಲದೆ ಮುಂದುವರಿದು ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಅನುಮಾನ. ಆಮೇಲೆ ಆಯಿಲ್ ಹಾಕುವ ಮುಚ್ಚಳವನ್ನು ತೆಗೆದು, ಓಡುತ್ತಿರುವ ಎಂಜಿನ್ನಿನ ಮೇಲೆಯೇ ತಲೆಕೆಳಗಾಗಿ ಇಟ್ಟೆ. ಅದು ಮೆಲ್ಲಗೆ ನಡುಗಿತೇ ಹೊರತು ಹಾರಿ ಬೀಳಲಿಲ್ಲ. ಪಿಸ್ಟನ್ ರಿಂಗುಗಳು ಸವೆದಿದ್ದರೆ ಸಿಲಿಂಡರಿನ ಒತ್ತಡ ಕೆಳಗಿಳಿದು ಈ ದಾರಿಯಲ್ಲಿ ಹೊರಬರುತ್ತದೆ, ಮುಚ್ಚಳ ಕುಣಿಯುತ್ತದೆ, ನೀಲಿ ಹೊಗೆ ದಟ್ಟವಾಗಿ ಕಾಣುತ್ತದೆ. ಮೂವತ್ತು ವರ್ಷದ ಎಂಜಿನ್ನಿಗೆ ಇದು ಒಳ್ಳೆಯ ಆರೋಗ್ಯವೇ.

ಓಡಿಸುವಾಗ ಅದರ ಗುಣ ತಿಳಿಯಿತು. ನಾಲೆಯ ಏರಿಯಿಂದ ಕೊಯ್ಲಾದ ಗದ್ದೆಗೆ ಇಳಿಯುವ ಕಡಿದಾದ ಜಾಗದಲ್ಲಿ ಲೋ ಗೇರಿನ ಒಂದನೆಯದಕ್ಕೆ ಹಾಕಿ, ಕಾಲನ್ನು ಎಲ್ಲ ಪೆಡಲುಗಳಿಂದಲೂ ತೆಗೆದು ನೆಲದ ಮೇಲಿಟ್ಟೆ. ಜೀಪು ಮುದುಕರು ಮೆಟ್ಟಿಲಿಳಿಯುವ ಹಾಗೆ ಒಂದೇ ಸಮನಾಗಿ ಇಳಿಯಿತು. ಮತ್ತೆ ಅದೇ ಗೇರಿನಲ್ಲಿ, ಅದೇ ವೇಗದಲ್ಲಿ, ಆಕ್ಸಿಲರೇಟರ್ ಮುಟ್ಟದೆಯೇ ಹತ್ತಿತು. ಡೀಸೆಲ್ ಪಂಪಿನೊಳಗಿನ ಗವರ್ನರ್ ಎಂಬ ಸಾಧನ, ಭಾರ ಹೆಚ್ಚಾದಂತೆ ಡೀಸೆಲನ್ನು ತಾನೇ ಹೆಚ್ಚಿಸಿ ಎಂಜಿನ್ನಿನ ನಿಧಾನ ವೇಗವನ್ನು ಬಿಡದೆ ಹಿಡಿದುಕೊಳ್ಳುವುದರಿಂದ ಇದು ಸಾಧ್ಯವಾಗುತ್ತದೆ. ಮಡಿಕೇರಿ ಬಳಿಯ ಮಾಂದಲಪಟ್ಟಿ ಬೆಟ್ಟಕ್ಕೆ ಪ್ರವಾಸಿಗರನ್ನು ಹೊತ್ತೊಯ್ಯುವ ಹಳೆಯ ಜೀಪುಗಳು ಆ ಕಲ್ಲಿನ ದಾರಿಯಲ್ಲಿ ಜನ ತುಂಬಿಕೊಂಡೂ ಏದುಸಿರಿಲ್ಲದೆ ಹತ್ತುವುದನ್ನು ನೋಡಿದವರಿಗೆ ನನ್ನ ಮಾತು ಹೊಸದಲ್ಲ. ಡಾಂಬರಿನ ಮೇಲೆ ಮಾತ್ರ ಅದು ಬೇರೆ ಪ್ರಾಣಿ. ಗಂಟೆಗೆ 60 ಕಿಲೋಮೀಟರಿಗೆ ಕಿವಿ ತುಂಬುತ್ತದೆ, 70ಕ್ಕೆ ಸ್ಟಿಯರಿಂಗ್ ನಮ್ಮ ಅಭಿಪ್ರಾಯ ಕೇಳುವುದನ್ನು ಬಿಡುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸಬೇಕು, ಏಕೆಂದರೆ ಇದರಲ್ಲಿ ನಾನು ಎಡವುವವನಿದ್ದೆ. ನಾನು ನೋಡಿದ ಹನ್ನೊಂದರಲ್ಲಿ ನಾಲ್ಕು ಗಾಡಿಗಳು ಹುಟ್ಟಿನಿಂದ ಡೀಸೆಲ್ ಅಲ್ಲ. ಮಹೀಂದ್ರದವರು ಮೊದಲ ದಶಕಗಳಲ್ಲಿ ಮಾಡಿದ ಜೀಪುಗಳಲ್ಲಿ ಇದ್ದದ್ದು ವಿಲ್ಲಿಸ್ ಕಾಲದ ಹರಿಕೇನ್ ಎಂಬ ಪೆಟ್ರೋಲ್ ಎಂಜಿನ್. ಒಂದು ವಾಲ್ವು ಹೆಡ್ಡಿನಲ್ಲಿ, ಇನ್ನೊಂದು ಬ್ಲಾಕಿನಲ್ಲಿ ಇರುವ ವಿಚಿತ್ರ ರಚನೆ, ಕುಡಿತವೂ ಹಾಗೆಯೇ. ಪೆಟ್ರೋಲ್ ದುಬಾರಿಯಾದಂತೆ ಜನ ಆ ಎಂಜಿನನ್ನು ಇಳಿಸಿ ಸಿಕ್ಕಿದ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ಕೂರಿಸಿದ್ದು ತಪ್ಪಲ್ಲ, ಆರ್‌ಸಿಯಲ್ಲಿ ಬರೆಸದೆ ಬಿಟ್ಟದ್ದು ತಪ್ಪು. ಪಾಂಡವಪುರದ ಕಡೆ ಒಂದು ಚೆಂದದ ಹಸಿರು ಜೀಪನ್ನು ಮುಂಗಡ ಕೊಡುವಷ್ಟು ಮೆಚ್ಚಿಕೊಂಡಿದ್ದೆ. ಆರ್‌ಸಿ ತೆಗೆಸಿ ನೋಡಿದರೆ ಇಂಧನದ ಜಾಗದಲ್ಲಿ ಪೆಟ್ರೋಲ್ ಎಂದಿತ್ತು, ಎಂಜಿನ್ನಿನ ಮೇಲಿನ ನಂಬರಿಗೂ ಕಾಗದದ ನಂಬರಿಗೂ ಸಂಬಂಧವೇ ಇರಲಿಲ್ಲ. ಇಂಥ ಗಾಡಿಗೆ ಎಫ್‌ಸಿ, ಅಂದರೆ ಓಡಿಸಲು ಯೋಗ್ಯವೆಂಬ ಆರ್‌ಟಿಒ ಪ್ರಮಾಣಪತ್ರ, ಆಗುವುದು ಕಷ್ಟ, ಅಪಘಾತವಾದರೆ ವಿಮೆ ಸಿಗುವುದು ಇನ್ನೂ ಕಷ್ಟ. ಒಂದು ಹಳೆಯ ಬಟ್ಟೆ, ಸ್ವಲ್ಪ ಸೀಮೆಎಣ್ಣೆ ಒಯ್ದು ಎಂಜಿನ್ನಿನ ಮತ್ತು ಚಾಸಿಯ ನಂಬರುಗಳನ್ನು ತಾವೇ ಒರೆಸಿ ಓದಿಕೊಳ್ಳದೆ ಯಾರೂ ಒಂದು ರೂಪಾಯಿ ಕೊಡಬಾರದು.

ಎರಡನೆಯದು ಮೈಸೂರಿನಲ್ಲೇ ಸಿಕ್ಕಿದ 2006ರ ಮಾರುತಿ ಜಿಪ್ಸಿ ಕಿಂಗ್, ಕೆಎ 09, ಬೆಲೆ 3 ಲಕ್ಷ 60 ಸಾವಿರ. ಜಿಪ್ಸಿ ನಮ್ಮ ದೇಶಕ್ಕೆ ಬಂದದ್ದು 1985ರಲ್ಲಿ, 970 ಸಿಸಿಯ ಸಣ್ಣ ಎಂಜಿನ್ನಿನೊಂದಿಗೆ. 1996ರಲ್ಲಿ 1298 ಸಿಸಿಯ ಕಿಂಗ್ ಬಂತು, ಆಮೇಲೆ ಕಾರ್ಬೊರೇಟರ್ ಹೋಗಿ, ಪ್ರತಿ ಸಿಲಿಂಡರಿಗೂ ಪೆಟ್ರೋಲನ್ನು ಬೇರೆಬೇರೆಯಾಗಿ ಚಿಮ್ಮಿಸುವ ಎಂಪಿಎಫ್‌ಐ ಆಗಿ 80 ಕುದುರೆ ಶಕ್ತಿಗೆ ಏರಿತು. ಕೊಳ್ಳುವವರು ಆದಷ್ಟು ಈ ಎಂಪಿಎಫ್‌ಐ ಮಾದರಿಯನ್ನೇ ಹುಡುಕಬೇಕು. ಇದೇ ಕುಟುಂಬದ ಎಂಜಿನ್ ಎಸ್ಟೀಮ್ ಕಾರಿನಲ್ಲೂ ಇದ್ದುದರಿಂದ, ಇದರ ಒಳಗನ್ನು ಬಲ್ಲ ಮೆಕ್ಯಾನಿಕ್ಕುಗಳು ಮೈಸೂರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ; ಸೈನ್ಯ ದೀರ್ಘಕಾಲ ಬಳಸಿದ್ದರಿಂದ ಬಿಡಿಭಾಗಕ್ಕೂ ಬರವಿಲ್ಲ.

ಜಿಪ್ಸಿಯ ಶತ್ರು ಎಂಜಿನ್ ಅಲ್ಲ, ತುಕ್ಕು. ಕಾಲಡಿಯ ಮ್ಯಾಟನ್ನು ಎತ್ತಿ ತೋರಿಸಲು ಮಾಲೀಕರು ತಡವರಿಸಿದಾಗಲೇ ನನಗೆ ಅರ್ಥವಾಗಿತ್ತು. ಡ್ರೈವರ್ ಕಡೆಯ ತಗಡಿನಲ್ಲಿ ಅಂಗೈ ಅಗಲದ ತೂತು, ಅದರ ಮೇಲೆ ಫೈಬರ್ ಮೆತ್ತಿ ಕಪ್ಪು ಬಣ್ಣ ಬಳಿದಿದ್ದರು. ಒಂದು ಸ್ಕ್ರೂಡ್ರೈವರಿನಿಂದ ಒತ್ತಿದರೆ ಕೆಳಗಿನ ನೆಲ ಕಂಡಿತು. ಆದರೆ ಗಾಡಿಯ ಕೆಳಗೆ ಮಲಗಿ ಚಾಸಿಯನ್ನು ಸುತ್ತಿಗೆಯ ಹಿಡಿಯಿಂದ ಉದ್ದಕ್ಕೂ ತಟ್ಟುತ್ತ ಹೋದಾಗ ಎಲ್ಲೆಡೆಯೂ ಗಟ್ಟಿ ಸದ್ದೇ ಬಂತು. ತಗಡು ಹೋದರೆ ಟಿಂಕರಿಂಗ್, ಚಾಸಿ ಹೋದರೆ ಗುಜರಿ. ಮುಂದಿನ ಚಕ್ರದ ಒಳಗೆ, ಆಕ್ಸಲ್ಲಿನ ಗುಂಡು ಭಾಗದಲ್ಲಿ ಗ್ರೀಸು ಮಿಶ್ರಿತ ಎಣ್ಣೆ ಇಳಿಯುತ್ತಿತ್ತು. ಇದು ಜಿಪ್ಸಿಗಳ ಹಳೆಯ ರೋಗ. ಸೀಲ್ ಮತ್ತು ಕಿಂಗ್‌ಪಿನ್ ಬೇರಿಂಗ್ ಹಾಕಿಸಿದರೆ ಒಂದೆರಡು ವರ್ಷ ಸುಮ್ಮನಿರುತ್ತದೆ. ಈ ಎರಡನ್ನೂ ಮುಂದಿಟ್ಟು ಬೆಲೆಯನ್ನು 3 ಲಕ್ಷ 15 ಸಾವಿರಕ್ಕೆ ಇಳಿಸಿದೆ.

ಸೆಕೆಂಡ್ ಹ್ಯಾಂಡ್ ಗಾಡಿಗಳ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಪೆಟ್ರೋಲ್ ಗಾಡಿಗೆ ಕೆಸರಿನಲ್ಲಿ ಎಳೆತವಿಲ್ಲ ಎನ್ನುತ್ತಾರೆ. ಕಾಗದದ ಮೇಲೆ ಅದು ನಿಜ: ಜಿಪ್ಸಿಯ ಗರಿಷ್ಠ ಟಾರ್ಕು, ಅಂದರೆ ಎಂಜಿನ್ನಿನ ತಿರುಗಿಸುವ ಬಲ, 103 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ 4500 ಸುತ್ತಿನಲ್ಲಿ. ಆದರೆ ಗಾಡಿಯ ತೂಕ ಹೆಚ್ಚುಕಡಿಮೆ ಒಂದು ಟನ್ ಮಾತ್ರ. ಕೆಸರಿನಲ್ಲಿ ಹಗುರವಾಗಿರುವುದೇ ಒಂದು ಶಕ್ತಿ. ಜೀಪು ಗದ್ದೆಯಲ್ಲಿ ಬಿಟ್ಟುಹೋದ ಗೆರೆ ಗೇಣುದ್ದ ಆಳವಿದ್ದರೆ ಜಿಪ್ಸಿಯದು ನಾಲ್ಕು ಬೆರಳು. ಅದನ್ನು ಓಡಿಸುವ ರೀತಿ ಮಾತ್ರ ಬೇರೆ. ಡೀಸೆಲ್ಲಿನಲ್ಲಿ ಮಾಡಿದಂತೆ ಗೇರಿಗೆ ಹಾಕಿ ಕೈಕಟ್ಟಿ ಕೂತರೆ ಜಿಪ್ಸಿ ಉಸಿರುಗಟ್ಟಿ ನಿಲ್ಲುತ್ತದೆ. ಮೊದಲೇ ದಾರಿ ನೋಡಿಕೊಂಡು, ಎಂಜಿನ್ನಿನ ಸದ್ದನ್ನು ಏರಿಸಿ, ಆ ಓಟವನ್ನು ಕೆಡಿಸದೆ ದಾಟಿಸಬೇಕು. ಅರ್ಧ ದಾರಿಯಲ್ಲಿ ನಿಂತರೆ ಹಿಂದಕ್ಕೆ ಬಂದು ಮತ್ತೆ ಶುರು. ನಾನು ಓಡಿಸಿದ ಗಾಡಿಯಲ್ಲಿ ಪವರ್ ಸ್ಟಿಯರಿಂಗ್ ಇರಲಿಲ್ಲ, ಸ್ಪ್ರಿಂಗ್ ಪಟ್ಟಿಗಳು ಬಂಡೆಯಂತಿದ್ದವು. ಜೊತೆಗೆ ಬಂದಿದ್ದ ನಮ್ಮ ಮನೆಯವರು ಆ ಎರಡು ಕಿಲೋಮೀಟರಿನ ನಂತರ ಇಳಿದು, ಮಿಕ್ಕಿದ್ದನ್ನು ನಡೆದುಬರುತ್ತೇನೆ ಎಂದರು.

ನೀರಿನ ವಿಷಯದಲ್ಲಿಯೂ ಒಂದು ಅರ್ಧಸತ್ಯ ಚಾಲ್ತಿಯಲ್ಲಿದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಆದ್ದರಿಂದ ಹಳ್ಳದ ನೀರು ವೈರಿಗೆ ತಾಗಿದರೂ ಅದು ನಿಲ್ಲುವುದಿಲ್ಲ. ಪೆಟ್ರೋಲ್ ಗಾಡಿಯ ಇಗ್ನಿಷನ್ ಒದ್ದೆಯಾದರೆ ನಡುನೀರಿನಲ್ಲಿ ಕೈಕೊಡುತ್ತದೆ. ಇಷ್ಟು ಸರಿ. ಆದರೆ ಗಾಳಿ ಎಳೆಯುವ ಬಾಯಿಯೊಳಗೆ ನೀರು ಹೊಕ್ಕರೆ ಎರಡೂ ಕೆಡುತ್ತವೆ, ಒತ್ತಡ ಹೆಚ್ಚಿರುವ ಡೀಸೆಲ್ಲಿನ ಕನೆಕ್ಟಿಂಗ್ ರಾಡ್ ಬೇಗ ಬಾಗುತ್ತದೆ. ಮೊಣಕಾಲು ಮುಳುಗುವ ನೀರಿಗೆ ಇಳಿಯುವ ಮುನ್ನ ಯಾವ ಗಾಡಿಯಾದರೂ ಏರ್ ಫಿಲ್ಟರ್ ಎಲ್ಲಿದೆ ಎಂದು ನೋಡಿಕೊಳ್ಳುವುದು ಕ್ಷೇಮ.

ಪೆಟ್ರೋಲ್ ಗಾಡಿಗೆ ಈಚೆಗೆ ಸೇರಿಕೊಂಡ ಹೊಸ ತಲೆನೋವು ಎಥೆನಾಲ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಅದು ಹಳೆಯ ರಬ್ಬರ್ ಪೈಪುಗಳನ್ನೂ ಸೀಲುಗಳನ್ನೂ ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ, ಮತ್ತು ಅದರ ಶಕ್ತಿ ಪೆಟ್ರೋಲಿನ ಮೂರನೆಯ ಎರಡು ಭಾಗದಷ್ಟೇ ಇರುವುದರಿಂದ ಮೈಲೇಜನ್ನೂ ಸ್ವಲ್ಪ ತಿನ್ನುತ್ತದೆ. ಕಬ್ಬು ಬೆಳೆಯುವ ಮಂಡ್ಯದವರಾಗಿ ಎಥೆನಾಲನ್ನು ಬೈಯುವುದು ನಮಗೆ ಚೆನ್ನಾಗಿ ಕಾಣುವುದಿಲ್ಲ, ಬೈಯುತ್ತಲೂ ಇಲ್ಲ. ಆದರೆ ಹಳೆಯ ಜಿಪ್ಸಿ ಕೊಂಡವರು ಟ್ಯಾಂಕಿನಿಂದ ಎಂಜಿನ್ನಿನವರೆಗಿನ ಎಲ್ಲ ರಬ್ಬರ್ ಪೈಪುಗಳನ್ನೂ ಎಥೆನಾಲಿಗೆ ತಡೆಯುವ ಪೈಪುಗಳಾಗಿ ಬದಲಿಸುವುದನ್ನು ಮೊದಲ ತಿಂಗಳೇ ಮಾಡಿಸಬೇಕು. ನನಗೆ ಕೂಲಿ ಸೇರಿ ಮೂರು ಸಾವಿರದ ಚಿಲ್ಲರೆ ಆಯಿತು. ತೆಗೆದ ಪೈಪನ್ನು ಬಾಗಿಸಿದಾಗ ಅದು ಬಾಡಿದ ಹುರುಳಿಕಾಯಿಯಂತೆ ಬಾಯಿಬಿಟ್ಟಿತು. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಅಂಥ ಪೈಪಿನಿಂದ ಪೆಟ್ರೋಲ್ ಜಿನುಗುವುದನ್ನು ನೆನೆದರೆ ಮೂರು ಸಾವಿರ ದೊಡ್ಡದಲ್ಲ.

ಮೂರನೆಯ ಗಾಡಿ ಮಡಿಕೇರಿಯ ತೋಟದವರೊಬ್ಬರ 2013ರ ಮಹೀಂದ್ರ ಥಾರ್ ಸಿಆರ್‌ಡಿಇ, ಅಂದರೆ ಕಂಪ್ಯೂಟರ್ ನಿಯಂತ್ರಣದ ಹೊಸ ಬಗೆಯ ಡೀಸೆಲ್. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ 5 ಲಕ್ಷ 25 ಸಾವಿರ ನನ್ನ ಕೈಗೆ ಮೀರಿದ್ದು. 2498 ಸಿಸಿ, ಟರ್ಬೋ, 105 ಕುದುರೆ ಶಕ್ತಿ, 2000 ಸುತ್ತಿನೊಳಗೇ 247 ನ್ಯೂಟನ್ ಮೀಟರ್ ಟಾರ್ಕು. ಮೂರರಲ್ಲಿ ರಸ್ತೆಗೂ ಬೆಟ್ಟಕ್ಕೂ ಸಮನಾಗಿ ಒದಗುವುದು ಇದೊಂದೇ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಲಾರಿಗಳ ಹಾರನ್ನಿಗೆ ಹೆದರದೆ ಓಡಿಸಬಹುದು. ಆದರೆ ಇಲ್ಲಿ ಡೀಸೆಲ್ಲಿನ ಹಳೆಯ ಸರಳತೆ ಇಲ್ಲ. ಇಂಜೆಕ್ಟರುಗಳು, ಸೆನ್ಸರುಗಳು, ಟರ್ಬೋ ಎಲ್ಲವೂ ಇವೆ, ಕೆಟ್ಟರೆ ಸ್ಪ್ಯಾನರಿಗಿಂತ ಮೊದಲು ಸ್ಕ್ಯಾನರ್ ಬೇಕು. ಸುಮಾರು ಒಂದೂಮುಕ್ಕಾಲು ಟನ್ ತೂಕ ಕೆಸರಿನಲ್ಲಿ ಕೂತರೆ ಎಬ್ಬಿಸಲು ನಾಲ್ಕು ಜನ ಸಾಲರು. ಅದೇ ಕಾಲದ ಥಾರ್‌ಗಳಲ್ಲಿ 2523 ಸಿಸಿಯ, 63 ಕುದುರೆ ಶಕ್ತಿಯ ಡಿಐ ಮಾದರಿಯೂ ಇದೆ. ತೋಟದ ಕೆಲಸಕ್ಕೆ ಡೀಸೆಲ್ಲೇ ಬೇಕು, ಎಲೆಕ್ಟ್ರಾನಿಕ್ಸ್ ಬೇಡ ಎನ್ನುವವರು ಅದರ ಫೋರ್ ವೀಲ್ ಡ್ರೈವ್ ಗಾಡಿಯನ್ನು ಹುಡುಕಬಹುದು. ಒಂದು ಚಕ್ರ ಜಾರಿದರೂ ಜೊತೆಯ ಚಕ್ರ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ಹಿಂದೆ ಮುಂದೆ ಎರಡೂ ಕಡೆ ಇರುವ ಫೋರ್ಸ್ ಗೂರ್ಖಾ ಕೆಸರಿನಲ್ಲಿ ಇವೆಲ್ಲವನ್ನೂ ಮೀರಿಸುತ್ತದೆ, ಆದರೆ ಮೂರು ತಿಂಗಳಲ್ಲಿ ಮಾರಾಟಕ್ಕಿರುವ ಒಂದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಹಾಗಾಗಿ ಉಳಿದದ್ದು ಜೀಪು ಮತ್ತು ಜಿಪ್ಸಿ. ಒಂದು ಭಾನುವಾರ ಕೂತು ಲೆಕ್ಕ ಹಾಕಿದೆ. ವರ್ಷಕ್ಕೆ ನಲವತ್ತು ಬಾರಿ ಹೋಗಿಬಂದರೆ 4000 ಕಿಲೋಮೀಟರು. ಜಿಪ್ಸಿ ಲೀಟರಿಗೆ 10 ಕೊಟ್ಟರೆ 400 ಲೀಟರ್, ಆಗಿನ 103 ರೂಪಾಯಿಯಂತೆ 41,200. ಜೀಪು 12.5 ಕೊಟ್ಟರೆ 320 ಲೀಟರ್, 91 ರೂಪಾಯಿಯಂತೆ 29,120. ವ್ಯತ್ಯಾಸ ವರ್ಷಕ್ಕೆ 12 ಸಾವಿರ, ಅಂದರೆ ತಿಂಗಳಿಗೆ ಒಂದು ಸಾವಿರ. ಡೀಸೆಲ್ ಪಂಪು ಮತ್ತು ನಾಜಲ್ಲುಗಳನ್ನು ಒಮ್ಮೆ ಬಿಚ್ಚಿ ಕ್ಯಾಲಿಬ್ರೇಷನ್ ಮಾಡಿಸಲು ನನಗೆ ಹೇಳಿದ್ದು 28 ಸಾವಿರ. ಎರಡು ವರ್ಷದ ಉಳಿತಾಯಕ್ಕಿಂತ ಹೆಚ್ಚು ಒಂದೇ ದಿನದಲ್ಲಿ ಹೋಗುತ್ತದೆ. ಅಲ್ಲದೆ ಆ ಪಂಪು ಒಳಗೆ ಹರಿಯುವ ಡೀಸೆಲ್ಲಿನಿಂದಲೇ ನುಣುಪು ಪಡೆಯುವ ಯಂತ್ರ. ವಾರಗಟ್ಟಲೆ ನಿಂತರೆ ಟ್ಯಾಂಕಿನ ತಳದಲ್ಲಿ ನೀರು ಸೇರುತ್ತದೆ, ಅದು ಪಂಪಿಗೆ ಹೋದರೆ ತುಕ್ಕು. ಎಲ್ಲೋ ಒಂದು ವಾಷರ್ ಸಡಿಲವಾದರೆ ಡೀಸೆಲ್ ಪೈಪಿನೊಳಗೆ ಗಾಳಿ ಹೊಕ್ಕು ಏರ್ ಲಾಕ್ ಆಗಿ, ಹೊಲದ ನಡುವೆ ನಿಂತು ಹ್ಯಾಂಡ್ ಪಂಪನ್ನು ಹೆಬ್ಬೆರಳು ನೋಯುವವರೆಗೆ ಒತ್ತುತ್ತಿರಬೇಕು. ನಾನು ಎಷ್ಟೋ ವರ್ಷದ ಹಿಂದೆ ಒಂದು ಹಳೆಯ ಡೀಸೆಲ್ ಕಾರು ಇಟ್ಟುಕೊಂಡಿದ್ದಾಗ, ರಿಂಗ್ ರಸ್ತೆಯ ಒಂದು ಗ್ಯಾರೇಜಿನವರು ಪಂಪು ಬಿಚ್ಚಿದೆವೆಂದು ದುಡ್ಡು ಪಡೆದು, ಅದರ ಸೀಲಿನ ಮೇಲಿನ ಹಳೆಯ ಬಣ್ಣವೂ ಅಳಿಯದಂತೆ ಹಿಂದಿರುಗಿಸಿದ್ದರು. ಪಂಪಿನ ಕೆಲಸ ನಮ್ಮ ಕಣ್ಣಿಗೆ ಕಾಣದ ಕೆಲಸ. ಆ ನೆನಪೂ ತಕ್ಕಡಿಯ ಒಂದು ಬದಿಗೆ ಬಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಕಾಗದಪತ್ರಗಳ ಖರ್ಚಿನಲ್ಲಿ ವಯಸ್ಸೇ ಮುಖ್ಯ, ಇಂಧನವಲ್ಲ. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಈ ನವೀಕರಣದ ಶುಲ್ಕ ಕಾರು, ಜೀಪುಗಳಿಗೆ 5000 ರೂಪಾಯಿ ಆಯಿತು. 2025ರಲ್ಲಿ 20 ವರ್ಷ ದಾಟಿದವಕ್ಕೆ 10,000 ಮಾಡಿದರು. ಇದರ ಮೇಲೆ ಹಸಿರು ತೆರಿಗೆ ಬೇರೆ. ಎಫ್‌ಸಿ ಎಷ್ಟು ವರ್ಷ ಉಳಿದಿದೆ ಎಂಬುದನ್ನು ಬೆಲೆಯೊಳಗೇ ಸೇರಿಸಿ ಚೌಕಾಸಿ ಮಾಡಬೇಕು. ದೆಹಲಿಯ ಸುತ್ತ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಗಾಡಿಗಳನ್ನು ಅಗ್ಗಕ್ಕೆ ತಂದು ಇಲ್ಲಿ ಮಾರುವವರಿದ್ದಾರೆ. ಎನ್‌ಒಸಿ, ಕರ್ನಾಟಕದ ಜೀವಿತಾವಧಿ ತೆರಿಗೆ, ಹೊಸ ನಂಬರು ಎಲ್ಲ ಸೇರಿದರೆ ಆ ಅಗ್ಗ ಎಷ್ಟು ಉಳಿಯುತ್ತದೆ ಎಂದು ನೋಡಿ ಕೈಹಾಕಬೇಕು.

ಜಿಪ್ಸಿ ಬಂದು ಎಂಟು ತಿಂಗಳಾಯಿತು. ತಗಡಿನ ಕೆಲಸಕ್ಕೆ 14 ಸಾವಿರ, ಸೀಲು ಬೇರಿಂಗಿಗೆ 9 ಸಾವಿರ, ಪೈಪುಗಳಿಗೆ ಮೇಲೆ ಹೇಳಿದ್ದು, ನಾಲ್ಕು ಟೈರುಗಳು ಬೇರೆ. ಮೈಲೇಜು ನಾನು ಲೆಕ್ಕ ಹಾಕಿದ ಹತ್ತನ್ನು ಒಮ್ಮೆಯೂ ಮುಟ್ಟಲಿಲ್ಲ, ಒಂಬತ್ತರ ಹತ್ತಿರ ನಿಂತಿದೆ. ಆದರೆ ಶನಿವಾರ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಅದು ಹಿಡಿಯದ ದಿನ ಈವರೆಗೆ ಬಂದಿಲ್ಲ, ಮತ್ತು ನಮ್ಮ ಬೀದಿಯವರು ಹೊಗೆಯ ಬಗ್ಗೆ ಏನೂ ಅಂದಿಲ್ಲ.

ನಾನು ಬಿಟ್ಟುಬಂದ ಆ ಎಂಎಂ 540ಯನ್ನು ಆಮೇಲೆ ನಮ್ಮ ಜಮೀನಿನ ಪಕ್ಕದ ಊರಿನ ಗೌಡರೊಬ್ಬರಿಗೆ ನಾನೇ ತೋರಿಸಿ ಕೊಡಿಸಿದೆ. ಅವರು ದಿನವೂ ಎಳನೀರು ತುಂಬಿಕೊಂಡು ಹೊಲದಿಂದ ರಸ್ತೆಗೆ ನಾಲ್ಕಾರು ಸಲ ಓಡಾಡುವವರು. ಹೀಟರ್ ಪ್ಲಗ್ಗು ಬದಲಿಸಿದ ಮೇಲೆ ಪಂಪಿಗೆ ಕೈಹಚ್ಚುವ ಅಗತ್ಯವೇ ಅವರಿಗೆ ಬಿದ್ದಿಲ್ಲ. ಅಕ್ಟೋಬರಿನ ಮಳೆಯಲ್ಲಿ ಎಂಟು ಚೀಲ ಗೊಬ್ಬರ ಹೇರಿಕೊಂಡು ಹೋಗಿ ಕೊರಕಲಿನ ತಿರುವಿನಲ್ಲಿ ನಾನು ಸಿಕ್ಕಿಬಿದ್ದಾಗ ಎಳೆದು ತೆಗೆದದ್ದೂ ಆ ಜೀಪೇ. ಹಗ್ಗ ಬಿಚ್ಚುತ್ತ ಗೌಡರು, "ಸಾರ್, ಈ ಕುದ್ರೆಗೆ ಎಂಟು ಮೂಟೆ ಯಾಕ್ ಹಾಕುದ್ರಿ, ಐದು ಹಾಕಿ, ಎರಡು ಕಿತ ಬನ್ನಿ" ಎಂದರು. ಈಗ ಐದೇ ಹಾಕುತ್ತೇನೆ.